ಕ್ಯಾಮೆರಾ ಕೊಳ್ಳುವ ಮೊದಲು ಮುಸ್ಸಂಜೆಯ ಲೆಕ್ಕ

ನವೆಂಬರ್ 9, 2025, ಭಾನುವಾರ ರಾತ್ರಿ

ಭಾವ ಫೋನಿಟ್ಟು ಗಂಟೆಯಾದರೂ ಅವರ ಪ್ರಶ್ನೆ ತಲೆಯಿಂದ ಇಳಿದಿಲ್ಲ. ಬೇಟೆಗೆ ಹೋದಾಗ, ಅದಕ್ಕೂ ಮುಂಚೆ ಜಾಡು ನೋಡಿಕೊಂಡು ಸುತ್ತುವಾಗ ಚಿತ್ರೀಕರಿಸಲು ಒಂದು ವಿಡಿಯೊ ಕ್ಯಾಮೆರಾ ಬೇಕಂತೆ, ದುಡ್ಡು ಹೆಚ್ಚಿಲ್ಲ. "ಫೋರ್‌ಕೆ ಇರೋದೇ ತಗೊಂಡುಬಿಡ್ಲಾ?" ಅಂದರು. ಫೋರ್‌ಕೆ ಅಂದರೆ ಮಾಮೂಲಿ 1080ರ ನಾಲ್ಕು ಪಟ್ಟು ಪಿಕ್ಸೆಲ್ ಇರುವ ವಿಡಿಯೊ. ಎಲ್ಲರೂ ಶುರು ಮಾಡುವುದು ಅಲ್ಲಿಂದಲೇ, ದುಡ್ಡು ದಾರಿ ತಪ್ಪುವುದೂ ಅಲ್ಲೇ.

ಮೊದಲು ದೂರದ ಲೆಕ್ಕ. 35 ಮಿ.ಮೀ. ಫಿಲ್ಮ್ ಕ್ಯಾಮೆರಾದ ಲೆಕ್ಕದಲ್ಲಿ 600 ಮಿ.ಮೀ.ಗೆ ಸಮನಾದ ಜೂಮ್‌ನಲ್ಲಿ (ಈ ಸಂಖ್ಯೆ ಹೆಚ್ಚಿದಷ್ಟೂ ದೂರದ್ದು ಹತ್ತಿರ ಕಾಣುತ್ತದೆ) 100 ಮೀಟರ್ ಆಚೆ ಸುಮಾರು 6 ಮೀಟರ್ ಅಗಲದ ಜಾಗ ಚೌಕಟ್ಟಿನಲ್ಲಿ ಹಿಡಿಸುತ್ತದೆ. ಒಂದೂವರೆ ಮೀಟರ್ ಉದ್ದದ ಜಿಂಕೆ ಅದರಲ್ಲಿ ಕಾಲುಭಾಗ. 1920 ಪಿಕ್ಸೆಲ್ ಅಗಲದ 1080ರ ವಿಡಿಯೊದಲ್ಲಿ ಅದರ ಮೈಗೆ 480 ಪಿಕ್ಸೆಲ್ ಸಿಗುತ್ತವೆ, ಕೊಂಬಿನ ಕವಲು ಎಣಿಸಲು ಅಷ್ಟು ಸಾಕು. ಫೋನಿನ ಮುಖ್ಯ ಲೆನ್ಸ್‌ನಲ್ಲಿ ಅದೇ ಜಿಂಕೆ ಒಂದು ಚುಕ್ಕೆ. ಡಬ್ಬಿಯ ಮೇಲೆ ದೊಡ್ಡ ಅಕ್ಷರದಲ್ಲಿ ಬರೆದ ಡಿಜಿಟಲ್ ಜೂಮ್ ಸಂಖ್ಯೆಯನ್ನು ಓದಲೇಬಾರದು, ಅದು ಚಿತ್ರವನ್ನು ಕತ್ತರಿಸಿ ಹಿಗ್ಗಿಸುವುದಷ್ಟೇ. ಲೆನ್ಸ್‌ನಿಂದಲೇ ಆಗುವ ಆಪ್ಟಿಕಲ್ ಜೂಮ್ ಎಷ್ಟು ಅನ್ನುವುದೊಂದೇ ಲೆಕ್ಕಕ್ಕೆ.

ಆದರೆ ನಿಜವಾದ ಪರೀಕ್ಷೆ ಬೆಳಕಿನದು. ಪ್ರಾಣಿ ಬಯಲಿಗೆ ಬರುವುದೇ ನಸುಕಿನಲ್ಲಿ, ಇಲ್ಲ ಮುಸ್ಸಂಜೆಯಲ್ಲಿ. ಕ್ಯಾನನ್ ಎಚ್‌ಎಫ್ ಆರ್800ರಂಥ ಅಗ್ಗದ ಕ್ಯಾಮ್‌ಕಾರ್ಡರಿಗೆ (ವಿಡಿಯೊಗೆಂದೇ ಮಾಡಿದ ಕ್ಯಾಮೆರಾ) 32 ಪಟ್ಟು ಆಪ್ಟಿಕಲ್ ಜೂಮ್ ಇದೆ, ಮೈಕ್ ಹಾಕುವ ಕಿಂಡಿಯೂ ಇದೆ. ಎಫ್ ಸಂಖ್ಯೆ ಕಡಿಮೆಯಾದಷ್ಟೂ ಲೆನ್ಸ್ ಹೆಚ್ಚು ಬೆಳಕು ಬಿಡುತ್ತದೆ. ಇದರ ಲೆನ್ಸ್ ಜೂಮ್ ಮಾಡದ ಅಗಲ ತುದಿಯಲ್ಲಿ ಎಫ್ 1.8, ಜೂಮ್ ಪೂರ್ತಿ ಎಳೆದರೆ ಎಫ್ 4.5. ಅಂದರೆ ಒಳಗೆ ಬರುವ ಬೆಳಕು ಆರನೇ ಒಂದು ಭಾಗಕ್ಕೆ ಇಳಿಯುತ್ತದೆ. ಬೆಳಕು ಹಿಡಿಯುವ ಸೆನ್ಸರೂ ಪುಟ್ಟದು. ಕತ್ತಲಲ್ಲಿ ಕ್ಯಾಮೆರಾ ಗೇನ್, ಅಂದರೆ ಸಿಗ್ನಲ್‌ನ ವರ್ಧನೆ, ಏರಿಸುತ್ತದೆ, ಚಿತ್ರದ ತುಂಬ ಕಾಳುಕಾಳು. ಹೊತ್ತು ಮುಳುಗಿದ ಮೇಲೆ ಜೂಮ್ ಅರ್ಧಕ್ಕೆ ತಂದರೆ ಲೆನ್ಸ್ ಮತ್ತೆ ತೆರೆದುಕೊಳ್ಳುತ್ತದೆ. ಜಿಂಕೆ ಚಿಕ್ಕದಾದರೂ ಸ್ಪಷ್ಟವಾಗಿ ಕಾಣುತ್ತದೆ.

ಪ್ಯಾನಸೋನಿಕ್ ಎಫ್‌ಜೆಡ್300 ಸ್ಟಿಲ್ ಕ್ಯಾಮೆರಾ ಆದರೂ 25ರಿಂದ 600 ಮಿ.ಮೀ.ವರೆಗೆ ಎಫ್ 2.8 ಬದಲಾಗುವುದಿಲ್ಲ. ಜೂಮಿನ ತುದಿಯಲ್ಲಿ ಎಫ್ 4.5ರ ಲೆನ್ಸ್‌ಗಿಂತ ಎರಡೂವರೆ ಪಟ್ಟು ಬೆಳಕು. ದೂಳು, ತುಂತುರಿಗೆ ತಡೆಯಿದೆ, ಕಣ್ಣಿಟ್ಟು ನೋಡುವ ವ್ಯೂಫೈಂಡರ್ ಇದೆ. ಪರದೆಯ ಬೆಳಕು ಮುಖಕ್ಕೆ ಬಿದ್ದರೆ ಮರೆಯಲ್ಲಿ ಕೂತೂ ಪ್ರಯೋಜನವಿಲ್ಲವಾದ್ದರಿಂದ ವ್ಯೂಫೈಂಡರಿಗೆ ನಾನು ತುಂಬಾ ಬೆಲೆ ಕೊಡುತ್ತೇನೆ. ತೊಡಕೆಂದರೆ ಇಂಥ ಹಳೆಯ ಸ್ಟಿಲ್ ಕ್ಯಾಮೆರಾಗಳಲ್ಲಿ ಸಾಮಾನ್ಯವಾಗಿ 29 ನಿಮಿಷ 59 ಸೆಕೆಂಡಿಗೆ ಚಿತ್ರೀಕರಣ ತಾನೇ ನಿಲ್ಲುತ್ತದೆ. ಕ್ಯಾಮ್‌ಕಾರ್ಡರಿಗೆ ಆ ಮಿತಿಯಿಲ್ಲ. ಕೆಲವಲ್ಲಿ ಪ್ರೀ-ರೆಕ್ ಕೂಡ ಇರುತ್ತದೆ: ಗುಂಡಿ ಒತ್ತುವ ಮುಂಚಿನ ಮೂರು ಸೆಕೆಂಡೂ ದಾಖಲಾಗಿರುತ್ತದೆ. ಪೊದೆಯಿಂದ ಪ್ರಾಣಿ ಚಂಗನೆ ನೆಗೆಯುವ ಕ್ಷಣಕ್ಕೆ ಅದಕ್ಕಿಂತ ಉಪಕಾರದ ಸೌಲಭ್ಯ ಇನ್ನೊಂದಿಲ್ಲ.

ಫೋರ್‌ಕೆಯಂತೂ ಸೆಕೆಂಡಿಗೆ 100 ಮೆಗಾಬಿಟ್‌ನಂತೆ ಗಂಟೆಗೆ 45 ಜಿಬಿ ನುಂಗುತ್ತದೆ. ಅದಕ್ಕೆ ಯು3 ಇಲ್ಲವೆ ವಿ30 ಗುರುತಿನ, ವೇಗವಾಗಿ ಬರೆದುಕೊಳ್ಳುವ ಮೆಮೊರಿ ಕಾರ್ಡ್ ಬೇಕು, ಎಡಿಟ್ ಮಾಡಲು ಗಟ್ಟಿ ಕಂಪ್ಯೂಟರೂ ಬೇಕು. 28 ಮೆಗಾಬಿಟ್‌ನ 1080ಕ್ಕೆ ಹದಿಮೂರು ಜಿಬಿ ಸಾಕು. ಆ ದುಡ್ಡು ಟ್ರೈಪಾಡಿಗೆ ಹೋಗಲಿ! ಕೈಲಿರುವುದರಲ್ಲಿ ಅರ್ಧ ಮಾತ್ರ ಕ್ಯಾಮೆರಾಗೆ ಅಂತಲೇ ನನ್ನ ಹಟ. 600 ಮಿ.ಮೀ.ನಲ್ಲಿ ಉಸಿರಾಟವೂ ಅಲುಗಾಟವಾಗಿ ಕಾಣುತ್ತದೆ. ಸ್ಟೆಬಿಲೈಸರ್ ಅದನ್ನು ತಗ್ಗಿಸೀತು, ಇಲ್ಲವಾಗಿಸದು. ಟ್ರೈಪಾಡಿನ ಮೇಲೆ ಫ್ಲೂಯಿಡ್ ಹೆಡ್ (ದ್ರವದ ತಡೆಯಿಂದ ನಯವಾಗಿ ತಿರುಗುವ ತಲೆ) ಇದ್ದರೆ ನಡೆಯುವ ಪ್ರಾಣಿಯ ಹಿಂದೆ ಜರ್ಕಿಲ್ಲದೆ ಕ್ಯಾಮೆರಾ ತಿರುಗುತ್ತದೆ.

ಆಟೊಫೋಕಸ್ ಬಗ್ಗೆ ಭಾವನಿಗೆ ಹೇಳಲು ಮರೆತೆ. ಮುಂದೆ ಒಂದು ಹುಲ್ಲೆಸಳು ಅಡ್ಡಬಂದರೂ ಫೋಕಸ್ ಅದಕ್ಕೇ ಅಂಟಿಕೊಂಡು ಹಿಂದಿನ ಪ್ರಾಣಿ ಮಸುಕಾಗುತ್ತದೆ. ಪ್ರಾಣಿ ಬರುವ ಜಾಡಿನ ದೂರದಲ್ಲೇ ಇರುವ ಒಂದು ಮರಕ್ಕೆ ಫೋಕಸ್ ಹಿಡಿದು ಮ್ಯಾನುಯಲ್‌ಗೆ ಹಾಕಿಡಬೇಕು. ಕೂರುವ ಮೊದಲೇ ಬೀಪ್ ಸದ್ದು, ಮುಂಬದಿಯ ಕೆಂಪು ದೀಪ ಎರಡನ್ನೂ ಮೆನುವಿನಲ್ಲಿ ಆರಿಸಬೇಕು. ದೀಪ ಆರದಿದ್ದರೆ ಕಪ್ಪು ಟೇಪ್. ಮೈಕಿಗೆ ತುಪ್ಪುಳಿನ ಗಾಳಿಗವಸು ಇಲ್ಲದಿದ್ದರೆ ಬರೀ ಗಾಳಿಯ ಭರಭರವೇ ದಾಖಲಾಗುತ್ತದೆ. ನಡುಮಧ್ಯಾಹ್ನ ದೂರದ ದೃಶ್ಯ ನೀರಿನಂತೆ ಕುಲುಕಿದರೆ ಅದು ಬಿಸಿಗಾಳಿಯ ಕೆಲಸ, ಎಷ್ಟು ದುಬಾರಿ ಲೆನ್ಸ್ ಹಾಕಿದರೂ ಹೋಗದು.

ಬಳಸಿದ್ದನ್ನು ಕೊಳ್ಳಿ ಅಂತಲೂ ಹೇಳಬೇಕು. ಮುಚ್ಚಳ ಹಾಕಿಯೇ ಒಂದು ನಿಮಿಷ ದಾಖಲಿಸಿ ನೋಡಿದರೆ ಕೆಟ್ಟ ಪಿಕ್ಸೆಲ್ ಬಿಳಿ ಚುಕ್ಕೆಯಾಗಿ ಹೊಳೆಯುತ್ತದೆ. ಲೆನ್ಸ್‌ನೊಳಗೆ ಟಾರ್ಚ್ ಬಿಟ್ಟರೆ ಬೂಷ್ಟು ಜೇಡರಬಲೆಯಂತೆ ಕಾಣುತ್ತದೆ. ಜೂಮ್ ಕೊನೆಯಿಂದ ಕೊನೆಗೆ ಓಡಿಸಿ ಮೋಟರಿನ ಸದ್ದಿಗೆ ಕಿವಿಗೊಡಬೇಕು. ಆ ಮಾದರಿಯ ಬ್ಯಾಟರಿ ಈಗಲೂ ಸಿಗುತ್ತದೆಯೇ? ಚಳಿಯಲ್ಲಿ ಬ್ಯಾಟರಿ ಬೇಗ ಸೋಲುತ್ತದೆ, ಹಾಗಾಗಿ ಇನ್ನೆರಡು ಒಳಜೇಬಿನಲ್ಲಿ, ಮೈ ಶಾಖಕ್ಕೆ.

ಇನ್ನು ಅಟ್ಟಣೆಯಲ್ಲಿ ಕೂರುವವರು ಮರಕ್ಕೆ ಕಟ್ಟುವ ಕ್ಯಾಮೆರಾ ತೋಳು. ಅದು ಹೊರುವ ತೂಕ ನೋಡುವಾಗ ಹೆಡ್, ಮೈಕ್ ಎಲ್ಲ ಸೇರಿಸಿ ನೋಡಬೇಕು, ಮತ್ತೆ ಪಟ್ಟಿ ಬಿಗಿಯುವಾಗ ಆಗುವ ಕಿರ್‌ಗುಟ್ಟುವ ಸದ್ದು… ಅದನ್ನು ಭಾವನಿಗೆ ನಾಳೆ ಫೋನಿನಲ್ಲೇ ಹೇಳಬೇಕು.