ಮುಯ್ಯಿ ಬಾಕಿ

ನಮ್ಮ ಸೇವಾದಳದ ಮೇಷ್ಟ್ರು ಈ ಆಷಾಢದಲ್ಲಿ ತೀರಿಕೊಂಡರು. ಶಾಲೆಯ ಸಂಚಿಕೆಗೆ ಏನಾದರೂ ಬರೆಯಿರಿ ಅಂತ ಫೋನ್ ಬಂದಾಗ, ಬರೆದರೆ ಅವರ ಬಗ್ಗೆಯೇ ಬರೆಯಬೇಕು ಅನ್ನಿಸಿತು.

ಅವರು ಕಲಿಸುತ್ತಿದ್ದದ್ದು ಗಣಿತ. ಮೂರು ವರ್ಷ ಕಲಿತ ಆ ಗಣಿತದಲ್ಲಿ ಇವತ್ತು ನನಗೆ ಒಂದು ಪ್ರಮೇಯವೂ ನೆನಪಿಲ್ಲ. ಬ್ಯಾಂಕಿನಲ್ಲಿ ಮೂವತ್ತು ವರ್ಷ ಲೆಕ್ಕ ನೋಡಿ, ಮ್ಯಾನೇಜರ್ ಆಗಿ ನಿವೃತ್ತನಾದವನು ಈ ಮಾತು ಹೇಳಬಾರದು. ಇಸವಿಗಳಲ್ಲೂ ಅಷ್ಟೆ, 1923 ಒಂದೇ ಉಳಿದಿದೆ. ಆ ವರ್ಷ ನಾ.ಸು. ಹರ್ಡೀಕರರು ಸೇವಾದಳ ಕಟ್ಟಿದರು ಅಂತ ಮೇಷ್ಟ್ರು ವಾರಕ್ಕೊಮ್ಮೆಯಾದರೂ ಹೇಳುತ್ತಿದ್ದರು.

ಮಳೆಗಾಲದಲ್ಲಿ ಅವರು ಪಂಚೆ ಎತ್ತಿ ಕಟ್ಟಿ, ಪ್ಯಾಂಟನ್ನು ಚೀಲದಲ್ಲಿಟ್ಟುಕೊಂಡು ಬರುತ್ತಿದ್ದರು. ಜೇಬಿನಲ್ಲಿ ಒಂದು ಸುಣ್ಣದ ಡಬ್ಬಿ. ಅವರಿಗೆ ಎಲೆಯಡಿಕೆ ಅಭ್ಯಾಸ ಇರಲಿಲ್ಲ, ಡಬ್ಬಿ ನಮಗಾಗಿ. ಗದ್ದೆ, ಕಾಡು ದಾಟಿ ಬಂದ ಮಕ್ಕಳನ್ನು ಜಗುಲಿಯಲ್ಲಿ ನಿಲ್ಲಿಸಿ, ಕಾಲಿಗೆ ಹತ್ತಿ ರಕ್ತ ಹೀರುವ ಉಂಬಳಗಳಿಗೆ ಒಂದೊಂದಾಗಿ ಸುಣ್ಣ ಮುಟ್ಟಿಸುತ್ತಿದ್ದರು. ಹಾಜರಿ ಆಮೇಲೆ.

ನಮ್ಮದು ತೀರ್ಥಹಳ್ಳಿಯಿಂದ ಆಗುಂಬೆ ಕಡೆಗೆ ಹೋಗುವಾಗ ಸಿಗುವ ಊರು. ಆಗುಂಬೆಗೆ ವರ್ಷಕ್ಕೆ 7,000 ಮಿಲಿಮೀಟರಿಗೂ ಜಾಸ್ತಿ ಮಳೆ ಬೀಳುತ್ತದೆ, ನಮ್ಮ ಪಾಲೂ ಕಮ್ಮಿಯೇನಲ್ಲ. ಶಾಲೆಯ ಹಿಂದೆ ಹಳ್ಳ, ಹಳ್ಳದಾಚೆ ಹತ್ತಿಪ್ಪತ್ತು ಮನೆ. ದಾಟುವುದಕ್ಕೆ ಕಾಲುಸಂಕ. ಮೂರು ಅಡಿಕೆ ಮರ ಅಡ್ಡ ಹಾಕಿ, ಹಿಡಿದುಕೊಳ್ಳಲು ಒಂದು ಬಿದಿರಿನ ಗಳ ಕಟ್ಟಿದರೆ ಆಯಿತು. ನೀರಿಗೆ ಮರ ಕುಂಬಾಗುತ್ತದೆ, ಹಾಗಾಗಿ ಶಾಲೆ ಶುರುವಾದ ಮೊದಲ ಶನಿವಾರ ಬೆಲ್ ಹೊಡೆದ ಮೇಲೆ ಮೇಷ್ಟ್ರು ಒಂಬತ್ತನೇ ಕ್ಲಾಸನ್ನು ಕರೆದುಕೊಂಡು ಹೋಗಿ ಹೊಸ ಸಂಕ ಹಾಕಿಸುತ್ತಿದ್ದರು. ಗಂಟು ಮಾತ್ರ ಅವರೇ ಹಾಕಬೇಕು.

ಇನ್ನೊಂದು ಕೆಲಸ ಬೇಸಿಗೆಗೆ ಮುಂಚೆ. ಮಂಗನ ಕಾಯಿಲೆಯ ವೈರಸ್ಸು 1957ರಲ್ಲಿ ಮೊದಲು ಪತ್ತೆಯಾದದ್ದು ನಮ್ಮದೇ ಜಿಲ್ಲೆಯ ಸೊರಬದ ಕ್ಯಾಸನೂರು ಕಾಡಿನಲ್ಲಿ. ಸತ್ತ ಮಂಗ ಕಂಡರೆ ಮುಟ್ಟಬೇಡಿ, ಆಸ್ಪತ್ರೆಗೆ ಸುದ್ದಿ ಕೊಡಿ, ಕಾಡಿಗೆ ಹೋಗಿ ಬಂದರೆ ಬಿಸಿನೀರು ಹೊಯ್ದುಕೊಂಡು ಮೈಮೇಲೆ ಉಣ್ಣೆ ಹುಳ ಇದೆಯಾ ನೋಡಿ ಅಂತ ಮನೆಮನೆಗೆ ಹೇಳಿ ಬರುತ್ತಿದ್ದೆವು. ನಿಜ ಹೇಳಬೇಕೆಂದರೆ, ನಾವು ಹೋಗುತ್ತಿದ್ದದ್ದು ಆ ಮನೆಗಳವರು ಕೊಡುವ ಬೆಲ್ಲ, ಮಜ್ಜಿಗೆಯ ಆಸೆಗೆ.

ಈಗ ನಮ್ಮ ಪುಂಡಾಟಿಕೆಗೆ ಬರುತ್ತೇನೆ. 1985ರ ಮಳೆಗಾಲ. ಸಂಕ ಕೆಟ್ಟರೆ ಆಚೆಯ ಮಕ್ಕಳು ಬರಲ್ಲ, ಮಕ್ಕಳಿಲ್ಲದಿದ್ದರೆ ರಜೆ ಅಂತ ನಾನೂ ಇನ್ನಿಬ್ಬರೂ ಲೆಕ್ಕ ಹಾಕಿದೆವು. ಸಂಜೆ ಹೋಗಿ ಗಳ ಕಟ್ಟಿದ್ದ ಬಳ್ಳಿ ಬಿಚ್ಚಿಬಿಟ್ಟೆವು. ಮಾರನೇ ದಿನ ರಜೆಯೇನೋ ಕೊಡಲಿಲ್ಲ. ಆದರೆ ಬೆಳಗ್ಗೆ ಡೈರಿಗೆ ಹಾಲು ಒಯ್ಯುತ್ತಿದ್ದ ಆಚೆ ಮನೆಯ ಅಜ್ಜಿ ಗಳಕ್ಕೆ ಕೈ ಕೊಟ್ಟದ್ದೇ ತಡ, ಗಳ ಜಾರಿತು. ಅಜ್ಜಿ ಸಂಕದ ಮೇಲೆ ಕುಕ್ಕರಿಸಿ ಹೇಗೋ ಉಳಿದುಕೊಂಡಳು. ಹಾಲಿನ ಕ್ಯಾನು ಹಳ್ಳದ ಪಾಲಾಯಿತು.

ಮೇಷ್ಟ್ರು ಹಳ್ಳಕ್ಕೆ ಹೋಗಿ ಬಂದು ಕ್ಲಾಸಿನಲ್ಲಿ ಒಂದೇ ಮಾತು ಹೇಳಿದರು. "ಮಳೆಗೆ ಗಂಟು ಹರಿಯತ್ತೆ ಕಣ್ರೋ, ಬಿಚ್ಚಲ್ಲ."

ನಾವು ಮೂವರೂ ಎದ್ದು ನಿಂತೆವು. ಹೊಡೆಯಲಿಲ್ಲ. ಹೊಡೆದಿದ್ದರೆ ಚೆನ್ನಾಗಿತ್ತು. ಶನಿವಾರ ಮಧ್ಯಾಹ್ನ, ಭಾನುವಾರ ಇಡೀ ದಿನ ಅಜ್ಜಿಯ ಗದ್ದೆಯಲ್ಲಿ ನಾಟಿ ಮಾಡಿಸಿದರು. ತಾವೂ ಕಂಬಳಿ ಕೊಪ್ಪೆ ಹಾಕಿಕೊಂಡು ಕೆಸರಿಗೆ ಇಳಿದರು. ಅವರ ಸಾಲು ನಮ್ಮದಕ್ಕಿಂತ ಸೊಟ್ಟ ಇತ್ತು, ಈಗ ಹೇಳಿದರೆ ತಪ್ಪಿಲ್ಲ. ಮಧ್ಯಾಹ್ನ ಅಜ್ಜಿ ಅಕ್ಕಿರೊಟ್ಟಿಯನ್ನೂ ಕಳಲೆ ಪಲ್ಯವನ್ನೂ ಬಡಿಸಿದಳು. ಯಾಕೆ ಬಂದಿದ್ದೀರಿ ಅಂತ ಕೇಳಲಿಲ್ಲ. ಅವಳಿಗೆ ಗೊತ್ತಿರಲಿಲ್ಲವೋ, ಗೊತ್ತಿದ್ದೂ ಸುಮ್ನಿದ್ದಳೋ, ನನಗೆ ಇವತ್ತಿಗೂ ಬಗೆಹರಿದಿಲ್ಲ.

ಅಲ್ಲಿಗೆ ಮುಗಿಯಿತು ಅಂದುಕೊಂಡಿದ್ದೆ. ಡಿಸೆಂಬರಿನಲ್ಲಿ ನಮ್ಮ ಮನೆಯಲ್ಲಿ ಅಡಿಕೆ ಸುಲಿಯುವ ಹೊತ್ತು. ರಾತ್ರಿ ಅಂಗಳಕ್ಕೆ ಲಾಟೀನು ಹಿಡಿದು ಅಜ್ಜಿ ಬಂದಳು, ಜೊತೆಗೆ ಅವಳದೇ ಮೆಟ್ಟುಗತ್ತಿ. "ನಿಮ್ಮನೆ ಹುಡುಗ ನಾಟಿಗೆ ಬಂದಿದ್ದ. ಒಂದೂವರೆ ದಿನದ ಮುಯ್ಯಿ ಬಾಕಿ ಐತಲ್ಲ" ಅಂತ ಅಪ್ಪಯ್ಯನಿಗೆ ಹೇಳಿ ಕೂತಳು.

ನಮ್ಮ ಕಡೆ ಮುಯ್ಯಾಳು ಅಂದರೆ ಗೊತ್ತಲ್ಲ. ಇವತ್ತು ನಾನು ನಿಮ್ಮ ಗದ್ದೆಗೆ, ನಾಳೆ ನೀವು ನಮ್ಮ ಗದ್ದೆಗೆ. ಕೂಲಿ ಇಲ್ಲ, ಊಟ ಉಂಟು. ನನ್ನ ಶಿಕ್ಷೆಯನ್ನು ಅಜ್ಜಿ ಆ ಲೆಕ್ಕಕ್ಕೆ ಬರೆದುಕೊಂಡಿದ್ದಳು. "ನೀನು ಯಾವಾಗ ನಾಟಿಗೆ ಹೋಗಿದ್ದೆ?" ಅಂತ ಅಪ್ಪಯ್ಯ ನನ್ನ ಮುಖ ನೋಡಿದರು. ಕಥೆಯೆಲ್ಲ ಹೊರಗೆ ಬಂತು. ಮೇಷ್ಟ್ರು ಉಳಿಸಿಕೊಟ್ಟ ಏಟು ಆ ರಾತ್ರಿ ಬಡ್ಡಿ ಸಮೇತ ಬಿತ್ತು. ಅಜ್ಜಿ ಮಾತ್ರ ತಲೆ ಎತ್ತದೆ ಅಡಿಕೆ ಸುಲಿಯುತ್ತಲೇ ಇದ್ದಳು.

ಈಗ ಆ ಹಳ್ಳಕ್ಕೆ ಕಾಂಕ್ರೀಟು ಸೇತುವೆ ಆಗಿದೆ. ಒಳ್ಳೆಯದೇ, ಸಂಕ ಇದ್ದರೆ ಚೆಂದ ಅನ್ನುವವರು ಮಳೆಯಲ್ಲಿ ಅದನ್ನು ದಾಟಿರುವುದಿಲ್ಲ. ಆದರೆ ಸೇತುವೆ ಮೇಲೆ ಈಗ ಓಡಾಡುವುದು ಪೇಟೆ ಶಾಲೆಯ ವ್ಯಾನು. ಮೊನ್ನೆ ಸಂಬಂಧಿಕರ ಹುಡುಗ ತನ್ನ ಶಾಲೆಯ ಸಮಾಜಸೇವೆಯ ಫೋಟೋ ತೋರಿಸಿದ. ಗಿಡ ಒಂದು, ಅದನ್ನು ಹಿಡಿದ ಕೈ ಹದಿನಾರು. ಎಲ್ಲರಿಗೂ ಸರ್ಟಿಫಿಕೇಟು ಸಿಕ್ಕಿದೆಯಂತೆ. ನಾವು ಏನೂ ದೊಡ್ಡ ಮನಸ್ಸಿನವರಾಗಿರಲಿಲ್ಲ, ಬೆಲ್ಲದಾಸೆಗೆ ಹೋದವರು. ಆದರೂ ನಮ್ಮ ಕೈಗೆ ಕೆಸರಾದರೂ ಹತ್ತಿತ್ತು, ಅಲ್ವಾ?

ಮೇಷ್ಟ್ರು ತೀರಿಕೊಂಡ ವಾರದಲ್ಲಿ ಶಿವಮೊಗ್ಗದಿಂದ ಕಾರಿನಲ್ಲಿ ಹೋದೆ. ಅವರ ಹೆಸರಿನಲ್ಲಿ ಶಾಲೆಗೆ ಒಂದು ದತ್ತಿ ಬಹುಮಾನ ಇಡಬೇಕು ಅಂತ ಚೆಕ್ಕು ಬರೆದುಕೊಂಡೇ ಹೋಗಿದ್ದೆ. ಹೇಳಿಕೊಳ್ಳಬಾರದು, ಮೊತ್ತ ಸಣ್ಣದೇನಲ್ಲ. ಮೇಷ್ಟ್ರ ಮನೆಯ ಅಮ್ಮನವರು ಅದನ್ನು ನೋಡಿ ದೇವರ ಗೂಡಿನ ಪಕ್ಕ ಇಟ್ಟರು.

"ಅದು ಇರಲಿ ಮಾರಾಯ. ಹದಿಮೂರನೇ ದಿನಕ್ಕೆ ಬಡಿಸೋಕೆ ಜನ ಸಾಲದು. ನೀನು ಬರ್ತೀಯಾ?"

ಹೋದೆ. ಅಜ್ಜಿಯ ಮೊಮ್ಮಗ ಆಗಲೇ ಬಂದು ಚಪ್ಪರ ಕಟ್ಟಿದ್ದ. ಅನ್ನದ ಬುಟ್ಟಿ ಅವನ ಕೈಯಲ್ಲಿ, ಸಾರಿನ ಬಕೆಟ್ಟು ನನ್ನ ಕೈಯಲ್ಲಿ. ಎರಡನೇ ಪಂಕ್ತಿಗೆ ಬಗ್ಗುವಷ್ಟರಲ್ಲಿ ನನ್ನ ಸೊಂಟ ಹಿಡಿದುಕೊಂಡಿತು. "ಕೊಡಿ ಇಲ್ಲಿ ಸಾರ್" ಅಂತ ಅವನು ಬಕೆಟ್ಟಿಗೆ ಕೈ ಹಾಕಿದ. ನಾನು ಕೊಡಲಿಲ್ಲ.