ಗ್ರಿಜ್ಲಿ ಕಾಡಿನಲ್ಲಿ ಬಿಲ್ಲಿನ ಬೇಟೆ: ಜೊತೆಗೊಂದು ಪಿಸ್ತೂಲು ಬೇಕಾ?

ಮೊಂಟಾನಾಗೆ ಎಲ್ಕ್ ಬೇಟೆಗೆ ಹೋಗಬೇಕು ಅಂತ ಅಮೆರಿಕದಲ್ಲಿರುವ ನಮ್ಮವರು ಕೆಲವರು ಕೇಳುತ್ತಿರುತ್ತಾರೆ. ಎಲ್ಕ್ ಅಂದರೆ ನಮ್ಮ ಕಡವೆಗಿಂತ ದೊಡ್ಡ ಜಿಂಕೆ. ಬಿಲ್ಲಿನ ಸೀಸನ್ ಸೆಪ್ಟೆಂಬರ್ ಮೊದಲ ವಾರ ಶುರುವಾಗುತ್ತದೆ. ಆ ಕಾಡಿನಲ್ಲೇ ಗ್ರಿಜ್ಲಿ ಅನ್ನುವ ದೊಡ್ಡ ಕಂದು ಕರಡಿಯೂ ಇದೆ. ಲೈಸೆನ್ಸು, ಬಿಲ್ಲು, ಬಾಣ ಎಲ್ಲ ವಿಚಾರಿಸಿ ಆದಮೇಲೆ ಕೊನೆಗೆ ಬರುವ ಪ್ರಶ್ನೆ ಒಂದೇ: "ಕರಡಿ ಬಂದರೆ? ಪಿಸ್ತೂಲು ಇಟ್ಟುಕೊಳ್ಳಲಾ?"

ನಾನು ಹೋಗಿದ್ದು ಯೆಲ್ಲೋಸ್ಟೋನ್ ಪಾರ್ಕಿನ ಉತ್ತರಕ್ಕಿರುವ ಗ್ಯಾಲಟಿನ್ ಬೆಟ್ಟಗಳಿಗೆ, ಅಲ್ಲಿನವನೇ ಆದ ಗೆಳೆಯನ ಜೊತೆ. ಅವನ ಎದೆ ಮೇಲೆ 10 ಎಂಎಂ ಪಿಸ್ತೂಲು, ನನ್ನ ಹತ್ತಿರ ಬರೀ ಕರಡಿ ಓಡಿಸುವ ಖಾರದ ಸ್ಪ್ರೇ. ಕೊಡಗಿನ ಮನೆಯಲ್ಲಿ ಕೋವಿ ನೋಡಿಕೊಂಡೇ ಬೆಳೆದವನು ನಾನು. ಆದರೂ ಮೊದಲು ಸ್ಪ್ರೇ, ಆಮೇಲೆ ಪಿಸ್ತೂಲು ಅಂತಲೇ ಹೇಳುತ್ತೇನೆ.

ಬಿಲ್ಲಿನ ಬೇಟೆಯ ಕಷ್ಟ ಏನು ಗೊತ್ತಾ? ಕರಡಿ ಕಾಡಿನಲ್ಲಿ ಹೇಗಿರಬೇಕು ಅಂತ ಫಾರೆಸ್ಟಿನವರು ಹೇಳುತ್ತಾರೋ, ನಾವು ಅದಕ್ಕೆ ಪೂರ್ತಿ ಉಲ್ಟಾ ಮಾಡುತ್ತೇವೆ. ಮಾತಾಡುತ್ತಾ ನಡೆಯಿರಿ ಅಂತಾರೆ, ನಾವು ಉಸಿರು ಬಿಗಿಹಿಡಿದು ನಡೆಯುತ್ತೇವೆ. ಮುಂಜಾನೆ, ಮುಸ್ಸಂಜೆ ಓಡಾಡಬೇಡಿ ಅಂತಾರೆ, ನಮಗೆ ಬೇಟೆ ಸಿಗುವುದೇ ಆಗ. ಗಾಳಿಗೆ ಎದುರಾಗಿ ಹೋಗುವುದರಿಂದ ಮುಂದಿರುವ ಕರಡಿಗೆ ನಮ್ಮ ವಾಸನೆಯೂ ಹೋಗಲ್ಲ. ಸಾಲದ್ದಕ್ಕೆ ಹೆಣ್ಣು ಎಲ್ಕ್ ಕೂಗನ್ನು ಬೇರೆ ಊದುತ್ತೇವೆ. ಚಳಿಗಾಲದ ನಿದ್ದೆಗೆ ಮುಂಚೆ ದಿನಕ್ಕೆ 20,000 ಕ್ಯಾಲೊರಿವರೆಗೂ ತಿನ್ನುವ ಪ್ರಾಣಿಗೆ ಅದು ಊಟದ ಗಂಟೆ ಬಾರಿಸಿದ ಹಾಗೆ.

ಅಲಾಸ್ಕಾದ ಘಟನೆಗಳನ್ನು ಕಲೆಹಾಕಿ ಟಾಮ್ ಸ್ಮಿತ್, ಸ್ಟೀಫನ್ ಹೆರೆರೊ ಮತ್ತು ಸಂಗಡಿಗರು 2008ರಲ್ಲಿ ಸ್ಪ್ರೇ ಬಗ್ಗೆ, 2012ರಲ್ಲಿ ಬಂದೂಕಿನ ಬಗ್ಗೆ ಅಧ್ಯಯನ ಪ್ರಕಟಿಸಿದರು. ಕಂದು ಕರಡಿಗಳ ಮೇಲೆ ಸ್ಪ್ರೇ ಕೆಲಸ ಮಾಡಿದ್ದು ನೂರಕ್ಕೆ 92 ಸಲ. ಎಲ್ಲ ಜಾತಿಯ ಕರಡಿಗಳೂ ಸೇರಿದ ಬಂದೂಕಿನ ಲೆಕ್ಕದಲ್ಲಿ ಕೈಬಂದೂಕು 84, ಉದ್ದ ಕೋವಿ 76. ಇವನ್ನು ಪಕ್ಕಪಕ್ಕ ಇಟ್ಟು ನೋಡುವಾಗ ಹುಷಾರು. ಸ್ಪ್ರೇ ಲೆಕ್ಕದಲ್ಲಿ ಸುಮ್ನೆ ಕುತೂಹಲಕ್ಕೆ ಹತ್ತಿರ ಬಂದ ಕರಡಿಗಳೂ ಸೇರಿವೆ. ಆದರೆ ಕೋವಿ ಇದ್ದವರಲ್ಲಿ ಅದನ್ನು ಬಳಸಿದವರಿಗೂ ಬಳಸದವರಿಗೂ ಗಾಯದ ಪ್ರಮಾಣದಲ್ಲಿ ದೊಡ್ಡ ವ್ಯತ್ಯಾಸ ಕಾಣಲಿಲ್ಲ ಅನ್ನುವುದು ಯೋಚಿಸಬೇಕಾದ ಮಾತು. ಗ್ರಿಜ್ಲಿ ಗಂಟೆಗೆ 55 ಕಿಲೋಮೀಟರ್ ವೇಗದಲ್ಲಿ ಓಡುತ್ತದೆ. ಪೊದೆಯಿಂದ ನುಗ್ಗಿ ಬಂದರೆ ನಿಮಗೆ ಸಿಗುವುದು ಎರಡು ಮೂರು ಸೆಕೆಂಡು. ಅಷ್ಟರಲ್ಲಿ ಗುರಿಯಿಟ್ಟು ಹೊಡೆಯುವುದಕ್ಕಿಂತ ಮೋಡದಂತೆ ಹರಡುವ ಖಾರ ಚಿಮ್ಮಿಸುವುದು ಸುಲಭ ಅಲ್ವಾ?

ಸ್ಪ್ರೇಗೂ ಮಿತಿ ಇದೆ. ಎದುರು ಗಾಳಿ ಜೋರಾಗಿದ್ದರೆ ನಿಮ್ಮ ಕಣ್ಣಿಗೇ ಬರುತ್ತದೆ. ಚಳಿಯಲ್ಲಿ ಒತ್ತಡ ಕಡಿಮೆಯಾಗುತ್ತದೆ, ರಾತ್ರಿ ಹಾಸಿಗೆ ಪಕ್ಕದಲ್ಲೇ ಇಟ್ಟುಕೊಳ್ಳಿ. ಬಿಸಿಲಲ್ಲಿ ನಿಂತ ಕಾರಿನಲ್ಲಿ ಬಿಟ್ಟರೆ ಸಿಡಿಯಬಹುದು. ಅದಕ್ಕೇ ಪಿಸ್ತೂಲು ಬೇಡವೇ ಬೇಡ ಅನ್ನಲ್ಲ. ಪಳಗಿದ ಕೈಯಾದರೆ ಇರಲಿ. ಇದೊಂದು ಟ್ರಿಪ್ಪಿಗೆ ಅಂತ ಹೊಸದಾಗಿ ಕೊಳ್ಳುವ ಆಲೋಚನೆ ಇದ್ದರೆ ಬಿಟ್ಟುಬಿಡಿ.

ಯಾವುದನ್ನೇ ಒಯ್ಯಿರಿ, ಅದು ಮೈಮೇಲೆ ಇರಬೇಕು. 2018ರ ಸೆಪ್ಟೆಂಬರ್‌ನಲ್ಲಿ ಪಕ್ಕದ ವಯೋಮಿಂಗ್ ರಾಜ್ಯದ ಟೀಟನ್ ವೈಲ್ಡರ್ನೆಸ್ ಅನ್ನುವ ಸಂರಕ್ಷಿತ ಕಾಡಿನಲ್ಲಿ ಒಬ್ಬ ಗೈಡು, ಅವನ ಗಿರಾಕಿ ಇಬ್ಬರೂ ಹಿಂದಿನ ದಿನ ಬಾಣ ತಗುಲಿದ್ದ ಎಲ್ಕನ್ನು ಹುಡುಕಿ ಮಾಂಸ ಮಾಡುತ್ತಿದ್ದರು. ಎರಡು ಗ್ರಿಜ್ಲಿ ನುಗ್ಗಿದವು. ಪಿಸ್ತೂಲು ಇತ್ತು, ಆದರೆ ಸ್ವಲ್ಪ ದೂರದಲ್ಲಿ ಬ್ಯಾಗಿನ ಹತ್ತಿರ. ಗಿರಾಕಿ ಓಡಿ ಹೋಗಿ ತೆಗೆದರೂ ಹೊಡೆಯಲಾಗಲಿಲ್ಲ, ಗೈಡಿನ ಕಡೆಗೆ ಎಸೆದ. ಅದು ಅವನ ಕೈ ಸೇರಲಿಲ್ಲ. ಗೈಡು ಸತ್ತ.

ಮೈಮೇಲೆ ಎಲ್ಲಿ ಅನ್ನುವುದನ್ನು ಮನೆಯಲ್ಲೇ ನೋಡಿಕೊಳ್ಳಿ. ಸೊಂಟಕ್ಕೆ ಕಟ್ಟಿದರೆ ಬ್ಯಾಗಿನ ಬೆಲ್ಟು ಅಡ್ಡ ಬರುತ್ತದೆ. ಎದೆ ಮೇಲೆ ಆಗಲೇ ಬೈನಾಕ್ಯುಲರ್ ಇರುತ್ತದೆ. ಬಲಗೈಯಲ್ಲಿ ಹೆದೆ ಎಳೆಯುವವರಿಗೆ ಎಡ ಎದೆಯ ಮೇಲೆ ಉಬ್ಬಿದ್ದೆಲ್ಲ ಹೆದೆಗೆ ತಾಗಬಹುದು. ತಾಗಿದರೆ ಬಾಣ ಎತ್ತಲೋ ಹೋಗುತ್ತದೆ. ಹಾಗಾಗಿ ಪೂರ್ತಿ ಡ್ರೆಸ್ ಹಾಕಿ, ಬ್ಯಾಗು ಹೊತ್ತು, ನಿಂತು, ಮಂಡಿಯೂರಿ, ಹೆದೆ ಎಳೆದು ನೋಡಿ. ಇನ್ನೊಂದು: ಹೆದೆ ಎಳೆದು ಬಿಡಲು ಮಣಿಕಟ್ಟಿಗೆ ಕಟ್ಟುವ ರಿಲೀಸ್ ಅನ್ನುವ ಸಾಧನದ ಕೊಕ್ಕೆ ನೇತಾಡುತ್ತಿರುತ್ತದೆ. ಗಡಿಬಿಡಿಯಲ್ಲಿ ಪಿಸ್ತೂಲಿಗೆ ಕೈ ಹಾಕಿದರೆ ಅದು ಟ್ರಿಗರ್ ಸುತ್ತಲಿನ ಬಳೆಗೆ ಸಿಕ್ಕಿಕೊಳ್ಳಬಹುದು. ಗೆಳೆಯ ಪ್ರತಿ ಸಲ ಕೊಕ್ಕೆಯನ್ನು ತೋಳಿನ ಕಡೆಗೆ ಮಡಚಿ ಸಿಕ್ಕಿಸುತ್ತಿದ್ದ.

ನಿಜವಾದ ಅಪಾಯ ಇರುವುದು ಬಾಣ ತಗುಲಿದ ಮೇಲೆ. ಪ್ರಾಣಿ ತಕ್ಷಣ ಬೀಳಲ್ಲ, ಕಾಯಬೇಕು, ರಕ್ತದ ಜಾಡು ಹಿಡಿದು ಹೋಗಬೇಕು. ಗೆಳೆಯ ಹೊಡೆದ ಎಲ್ಕ್ ಸಿಕ್ಕಾಗ ಕತ್ತಲಾಗಿತ್ತು. ಒಬ್ಬರು ಕೊಯ್ಯುವಾಗ ಇನ್ನೊಬ್ಬರು ಸ್ಪ್ರೇ ಹಿಡಿದು ಬೆನ್ನು ಕಾಯುವುದು ಅಂತ ಮಾಡಿಕೊಂಡಿದ್ದೆವು. ಮಾಂಸವನ್ನು ಕರುಳಿನ ರಾಶಿಯಿಂದ ದೂರಕ್ಕೆ, ದೂರದಿಂದಲೇ ಕಾಣುವ ಬಯಲಿನ ಅಂಚಿನ ಮರಕ್ಕೆ ಎತ್ತಿ ಕಟ್ಟಿದೆವು. ಬೆಳಿಗ್ಗೆ ಎದುರು ದಿಣ್ಣೆಯಿಂದ ಬೈನಾಕ್ಯುಲರ್ ಹಾಕಿ ನೋಡಿದರೆ ಕರುಳಿನ ರಾಶಿ ಇದ್ದ ಜಾಗದಲ್ಲಿ ಮಣ್ಣು, ಹುಲ್ಲು, ಕೊಂಬೆ ಗುಡ್ಡೆ ಹಾಕಿತ್ತು. ಗ್ರಿಜ್ಲಿ ತನ್ನ ಪಾಲನ್ನು ಮುಚ್ಚಿಡುವುದು ಹೀಗೇ. ಸುತ್ತು ಹಾಕಿ, ಜೋರಾಗಿ ಕೂಗುತ್ತಾ ಹೋಗಿ ಮಾಂಸ ಇಳಿಸಿಕೊಂಡೆವು. ಮಾಂಸದ ಹತ್ತಿರವೇ ಕರಡಿ ಇದ್ದರೆ ಬಿಟ್ಟು ಬರಬೇಕು, ವಾದ ಬೇಡ. ಮೂರನೆಯವರೊಬ್ಬರು ಸಿಗುವುದಾದರೆ ಕರೆದುಕೊಂಡು ಹೋಗಿ, ಯಾವ ಬಂದೂಕಿಗಿಂತಲೂ ಅದು ಉಪಕಾರ.

ಕಾನೂನು. ಎಚ್-1ಬಿ, ಎಫ್-1 ವೀಸಾದವರು ಇದನ್ನು ಓದಲೇಬೇಕು. ಇಂಥ ವೀಸಾದಲ್ಲಿರುವವರು ಬಂದೂಕು, ಮದ್ದುಗುಂಡು ಇಟ್ಟುಕೊಳ್ಳುವುದನ್ನು ಅಮೆರಿಕದ ಫೆಡರಲ್ ಕಾನೂನು ತಡೆಯುತ್ತದೆ. ಗೆಳೆಯನದ್ದನ್ನು ಸ್ವಲ್ಪ ಹೊತ್ತು ಹಿಡಿದುಕೊಂಡರೂ ತಾಪತ್ರಯ ಆಗಬಹುದು. ರಾಜ್ಯ ಕೊಟ್ಟ ಬೇಟೆ ಲೈಸೆನ್ಸ್ ಇದ್ದವರಿಗೆ ವಿನಾಯಿತಿ ಇದೆ, ಆದರೂ ವಕೀಲರನ್ನು ಕೇಳಿಯೇ ಮುಂದುವರಿಯಿರಿ. ಗ್ರೀನ್ ಕಾರ್ಡ್ ಇದ್ದವರೂ ಬೇರೆ ರಾಜ್ಯಕ್ಕೆ ಹೋಗಿ ಅಂಗಡಿಯಲ್ಲಿ ಪಿಸ್ತೂಲು ಕೊಂಡು ಅಲ್ಲೇ ಕೈಗೆ ತೆಗೆದುಕೊಳ್ಳಲು ಆಗಲ್ಲ. ಮೊಂಟಾನಾದಲ್ಲಿ ಬಿಲ್ಲಿನ ಸೀಸನ್ನಿನಲ್ಲಿ ರಕ್ಷಣೆಗೆ ಪಿಸ್ತೂಲು ಒಯ್ಯಬಹುದು, ಅದರಿಂದ ಎಲ್ಕ್ ಹೊಡೆಯುವಂತಿಲ್ಲ. ಬೇರೆ ರಾಜ್ಯಕ್ಕೆ ಹೋಗುವವರು ಅಲ್ಲಿನ ಆ ವರ್ಷದ ನಿಯಮ ಓದಿ. ವಯೋಮಿಂಗ್‌ನಲ್ಲಂತೂ ಹೊರಗಿನವರು ವೈಲ್ಡರ್ನೆಸ್ ಪ್ರದೇಶದಲ್ಲಿ ಗೈಡು ಇಲ್ಲದೆ ದೊಡ್ಡ ಪ್ರಾಣಿ ಬೇಟೆ ಆಡುವಂತಿಲ್ಲ. ಗ್ರಿಜ್ಲಿಗೆ 1975ರಲ್ಲಿ ಫೆಡರಲ್ ರಕ್ಷಣೆ ಸಿಕ್ಕಿತು, ಯೆಲ್ಲೋಸ್ಟೋನ್ ಸುತ್ತ ನಡುವೆ ಎರಡು ಸಲ ತೆಗೆದರೂ ಕೋರ್ಟು ಅದನ್ನು ಮರಳಿ ತಂದಿತು. ಜೀವ ಉಳಿಸಿಕೊಳ್ಳಲು ಕೊಂದರೂ ತಕ್ಷಣ ಅಧಿಕಾರಿಗಳಿಗೆ ತಿಳಿಸಬೇಕು, ತನಿಖೆ ಆಗುತ್ತದೆ.

ಮೊಂಟಾನಾ ಹೊರಗಿನವರು ಎಲ್ಕ್ ಲೈಸೆನ್ಸಿಗೆ ಏಪ್ರಿಲ್ 1ರೊಳಗೆ ಅರ್ಜಿ ಹಾಕಬೇಕು, ಖರ್ಚು ಸಾವಿರ ಡಾಲರ್ ದಾಟುತ್ತದೆ. ಬಿಲ್ಲುಬೇಟೆ ತರಬೇತಿಯ ಸರ್ಟಿಫಿಕೇಟೋ ಹಳೆಯ ಬಿಲ್ಲುಬೇಟೆ ಲೈಸೆನ್ಸೋ ಕೇಳುತ್ತಾರೆ. ವಿಮಾನದಲ್ಲಿ ಪಿಸ್ತೂಲನ್ನು ಗುಂಡು ತೆಗೆದು, ಬೀಗ ಹಾಕಿದ ಗಟ್ಟಿ ಪೆಟ್ಟಿಗೆಯಲ್ಲಿ, ಕೌಂಟರಿನಲ್ಲಿ ಹೇಳಿ ಚೆಕ್-ಇನ್ ಮಾಡಬಹುದು. ಕರಡಿ ಸ್ಪ್ರೇಯನ್ನು ಮಾತ್ರ ಯಾವ ಬ್ಯಾಗಿನಲ್ಲೂ ಬಿಡಲ್ಲ. ಮೊಂಟಾನಾದ ಬೋಜ್‌ಮನ್ ಏರ್‌ಪೋರ್ಟಿನಲ್ಲಿ ಇಳಿದ ಮೇಲೆ ಕೊಳ್ಳಿ, ಎಕ್ಸ್‌ಪೈರಿ ದಿನಾಂಕ ನೋಡಿ. ವಾಪಸ್ ಬರುವಾಗ ಕಾಡಿಗೆ ಹೋಗುವ ಯಾರಿಗಾದರೂ ಕೊಟ್ಟು ಬನ್ನಿ.