ಇಂಜಿನ್ ಬದಲಾಯ್ತು, ಬ್ರೇಕ್ ಕಲ್ಲಾಯ್ತು

ಇವತ್ತು ಹಳೇ ಫೋರ್ ವೀಲ್ ಡ್ರೈವ್ ಟ್ರಕ್ಕಿಗೆ ವ್ಯಾಕ್ಯೂಮ್ ಪಂಪ್ ಕೂರಿಸಿದೆ.

ಪೆಟ್ರೋಲ್ ಇಂಜಿನ್ ಇಳಿಸಿ ಡೀಸೆಲ್ ಹಾಕ್ತಿದೀನಿ ಅಂದ್ರೆ ಸಾಕು, ಎಲ್ಲರೂ ಕೇಳೋದು ಮೈಲೇಜ್ ಎಷ್ಟು, ಎಳೆತ ಹೇಗೆ ಅಂತ. ಬ್ರೇಕ್ ಕಥೆ ಏನು ಅಂತ ಒಬ್ಬರೂ ಕೇಳಲ್ಲ.

ಪೆಟ್ರೋಲ್ ಇಂಜಿನ್ನಲ್ಲಿ ಥ್ರಾಟಲ್ ಪ್ಲೇಟ್ ಗಾಳಿಗೆ ಅಡ್ಡ ನಿಲ್ಲುತ್ತೆ. ಅದರ ಹಿಂದೆ ಹುಟ್ಟೋ ವ್ಯಾಕ್ಯೂಮೇ (ನಿರ್ವಾತ) ಬ್ರೇಕ್ ಬೂಸ್ಟರಿಗೆ, ಅಂದ್ರೆ ಪೆಡಲ್ ತುಳಿಯೋ ಕಾಲಿನ ಬಲ ಹೆಚ್ಚಿಸೋ ಡಬ್ಬಿಗೆ, ಬಲ. ಈ ಡೀಸೆಲ್‌ಗೆ ಆ ಪ್ಲೇಟೇ ಇಲ್ಲ. ಗಾಳಿ ಧಾರಾಳವಾಗಿ ಒಳಗೆ ಹೋಗುತ್ತೆ, ಹೆಚ್ಚುಕಮ್ಮಿ ಮಾಡೋದು ಇಂಧನವನ್ನ ಮಾತ್ರ. ಬೂಸ್ಟರಿಗೆ ಸೊನ್ನೆ. ಬ್ರೇಕ್ ಹಿಡಿಯುತ್ತೆ, ಆದ್ರೆ ಎರಡೂ ಕಾಲಿನ ಬಲ ಬೇಕು!

ಇಷ್ಟು ವರ್ಷ ಆ ಹಳೇ ಇಂಜಿನ್ ತನ್ನದಲ್ಲದ ಕೆಲಸಾನೂ ಸದ್ದಿಲ್ಲದೆ ಮಾಡ್ತಿತ್ತಲ್ಲ ಅನ್ನಿಸ್ತು. ಮನೆಯಲ್ಲೂ ಇಂಥವರು ಒಬ್ಬರಿರ್ತಾರೆ.

ಈಗ ಆ ವ್ಯಾಕ್ಯೂಮ್ ಹುಟ್ಟಿಸೋ ಕೆಲಸ ಈ ಪಂಪಿನದು. ಅದು ಬ್ಯಾಟರಿ ಚಾರ್ಜ್ ಮಾಡೋ ಆಲ್ಟರ್ನೇಟರ್ ಬೆನ್ನಿಗೇ ಅಂಟಿಕೊಂಡಿದೆ. ಆಯಿಲ್ ಬರೋಕೊಂದು ಪೈಪ್, ಇಂಜಿನ್ ತಳದ ಆಯಿಲ್ ತೊಟ್ಟಿಗೆ ವಾಪಸ್ ಇಳಿಯೋಕೆ ದಪ್ಪದ್ದೊಂದು. ಬೂಸ್ಟರ್ ಹೋಸಿನ ಚೆಕ್ ವಾಲ್ವನ್ನ ಬಾಯಲ್ಲಿ ಊದಿ ನೋಡಿದೆ. ಒಂದೇ ಕಡೆ ಗಾಳಿ. ಸರಿ ಇದೆ. (ಬಾಯಲ್ಲಿ ಇನ್ನೂ ರಬ್ಬರ್ ರುಚಿ.)

ಮುಂದಿನ ಸರದಿ ಸ್ಪ್ರಿಂಗಿನದು. ಡೀಸೆಲ್ ಭಾರಕ್ಕೆ ಮೂತಿ ಆಗಲೇ ಬಗ್ಗಿದೆ. ಹಳೇ ಸ್ಪ್ರಿಂಗ್ ಪಟ್ಟಿನೇ ಸಾಕು ಅನ್ನೋರ ಮಾತು ನಾನಂತೂ ನಂಬಲ್ಲ.